ಸರ್ಕಾರಿ ‘ಅನಲಿಸ್ಟ್’ ಕೆಲಸ: ರಾಜ್ಯದ್ದಾ, ಎಸ್‌ಎಸ್‌ಸಿನಾ, ಐಎಸ್‌ಎಸ್ಸಾ?

ಹೋದ ಭಾನುವಾರ ಬೇಲೂರಿನಿಂದ ನಮ್ಮ ಚಿಕ್ಕಮ್ಮನ ಮಗಳು ಬಂದಿದ್ದಳು. ಬಿ.ಎಸ್ಸಿ. ಮುಗಿಸಿ ಒಂದು ವರ್ಷ ಆಗಿದೆ. ಮೊಬೈಲ್ ಮುಂದೆ ಹಿಡಿದು, “ಅಕ್ಕಾ, ಸರ್ಕಾರಿ ಡೇಟಾ ಅನಲಿಸ್ಟ್ ಕೆಲಸ ಅಂತ ಬಂದಿದೆ, ಅರ್ಜಿ ಹಾಕ್ಲಾ?” ಅಂತ ಕೇಳಿದಳು. ಓದಿ ನೋಡಿದೆ. ಏಜೆನ್ಸಿ ಮೂಲಕ ಹನ್ನೊಂದು ತಿಂಗಳಿಗೆ ತೆಗೆದುಕೊಳ್ಳುವ ಕೆಲಸ ಅದು. ಸರ್ಕಾರಿ ಕಚೇರಿಯಲ್ಲಿ ಕೂರಿಸುತ್ತಾರೆ, ಆದರೆ ಸರ್ಕಾರಿ ನೌಕರಿ ಅಲ್ಲ. ಅವಳಿಗೆ ಆ ವ್ಯತ್ಯಾಸ ಯಾರೂ ಹೇಳಿರಲಿಲ್ಲ. ಅವತ್ತು ಮಧ್ಯಾಹ್ನ ಊಟ ಮುಗಿಸಿ ಇಬ್ಬರೂ ಕೂತು ಒಂದೊಂದೇ ದಾರಿ ಬಿಡಿಸಿ ನೋಡಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಅರಸೀಕೆರೆ ಕಡೆಯವಳು. ಇಲ್ಲಿ ಹೇಳುವ ಮೂರೂ ಪರೀಕ್ಷೆ ಬರೆದಿದ್ದೇನೆ. ಈಗ ಹಾಸನದಲ್ಲಿ ಅಂಕಿಅಂಶದ ಕೆಲಸದಲ್ಲೇ ಇದ್ದೇನೆ.

ಮೊದಲು ಒಂದು ಮಾತು. ಅಂಕಿಅಂಶದ ಕಾಯಂ ಸರ್ಕಾರಿ ಹುದ್ದೆಗಳಿಗೆ ‘ಅನಲಿಸ್ಟ್’ ಅನ್ನೋ ಹೆಸರು ಇರುವುದೇ ಅಪರೂಪ. ಆ ಕೆಲಸ ಇದೆ, ಹೆಸರು ಬೇರೆ. ರಾಜ್ಯದಲ್ಲಿ ಸಾಂಖ್ಯಿಕ ನಿರೀಕ್ಷಕರು, ಸಹಾಯಕ ಸಾಂಖ್ಯಿಕ ಅಧಿಕಾರಿ ಅಂತಾರೆ. ಕೇಂದ್ರದಲ್ಲಿ ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್, ಸ್ಟ್ಯಾಟಿಸ್ಟಿಕಲ್ ಇನ್ವೆಸ್ಟಿಗೇಟರ್ ಅಂತಾರೆ. ಅದಕ್ಕೂ ಮೇಲೆ ಯುಪಿಎಸ್‌ಸಿಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಸರ್ವೀಸ್, ಅಂದರೆ ಐಎಸ್‌ಎಸ್. ‘ಅನಲಿಸ್ಟ್’ ಅಂತಲೇ ಹುಡುಕುತ್ತಾ ಕೂತರೆ ಇವು ಯಾವುವೂ ಕಣ್ಣಿಗೆ ಬೀಳುವುದಿಲ್ಲ. ಬೀಳುವುದೆಲ್ಲಾ ಗುತ್ತಿಗೆ ಕೆಲಸವೇ.

ಹಾಗಾದರೆ ಯಾವುದಕ್ಕೆ ಹಾಕಬೇಕು? ಹುದ್ದೆಯ ಹೆಸರು, ಸಂಬಳ ಎರಡನ್ನೂ ಸ್ವಲ್ಪ ಹೊತ್ತು ಬದಿಗಿಡಿ. ನಿಮ್ಮ ಮಾರ್ಕ್ಸ್ ಕಾರ್ಡುಗಳನ್ನೆಲ್ಲಾ ಮೇಜಿನ ಮೇಲೆ ಹರಡಿಕೊಳ್ಳಿ. ಮನೆಯವರು ಎಷ್ಟು ವರ್ಷ ಕಾಯಬಲ್ಲರು ಅನ್ನೋದನ್ನು ಅವರ ಹತ್ತಿರವೇ ಕೇಳಿ. ಈ ಎರಡು ಗೊತ್ತಾದರೆ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಮಾರ್ಕ್ಸ್ ಕಾರ್ಡ್ ಏನು ಹೇಳುತ್ತದೆ

ಎಸ್‌ಎಸ್‌ಸಿ, ಅಂದರೆ ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್, ಡಿಗ್ರಿ ಆದವರಿಗೆ ನಡೆಸುವ ಸಿಜಿಎಲ್ ಪರೀಕ್ಷೆಯಲ್ಲಿ ಅಂಕಿಅಂಶದ ಎರಡು ಹುದ್ದೆಗಳಿವೆ. ಎರಡಕ್ಕೂ ಅರ್ಹತೆ ಬೇರೆ ಬೇರೆ. ನಮ್ಮ ಕಡೆ ಹುಡುಗರು ಎಡವುವುದು ಇಲ್ಲೇ.

ಜೂನಿಯರ್ ಸ್ಟ್ಯಾಟಿಸ್ಟಿಕಲ್ ಆಫೀಸರ್, ಎಲ್ಲರೂ ಜೆಎಸ್‌ಒ ಅನ್ನುತ್ತಾರೆ. ಇದಕ್ಕೆ ಯಾವುದೇ ಡಿಗ್ರಿ ಸಾಕು. ಆದರೆ ಪಿಯುಸಿಯಲ್ಲಿ ಗಣಿತಕ್ಕೆ ಕನಿಷ್ಠ 60 ಪರ್ಸೆಂಟ್ ಬಂದಿರಬೇಕು. ಇಲ್ಲದಿದ್ದರೆ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇದ್ದಿರಬೇಕು. ಎರಡರಲ್ಲಿ ಒಂದು ಇದ್ದರೂ ಆಯಿತು. ಹಾಗಾಗಿ ಕಡೂರಿನಲ್ಲಿ ಪಿಯುಸಿ ಸೈನ್ಸ್ ಓದಿ, ಆಮೇಲೆ ಬಿ.ಎ.ಗೋ ಬಿ.ಕಾಂ.ಗೋ ಸೇರಿದವರೂ ಹಾಕಬಹುದು. “ನಮಗೆಲ್ಲಾ ಅದು ಬರಲ್ಲ ಬಿಡಿ ಮೇಡಂ” ಅಂದ ಎಷ್ಟೋ ಜನರ ಪಿಯುಸಿ ಕಾರ್ಡ್ ತರಿಸಿ ನೋಡಿದ್ದೇನೆ. ಗಣಿತಕ್ಕೆ 70, 80 ಇರುತ್ತದೆ.

ಸ್ಟ್ಯಾಟಿಸ್ಟಿಕಲ್ ಇನ್ವೆಸ್ಟಿಗೇಟರ್ ಗ್ರೇಡ್ 2 ಹಾಗಲ್ಲ. ಇದು ಜನಗಣತಿ ನಡೆಸುವ ರಿಜಿಸ್ಟ್ರಾರ್ ಜನರಲ್ ಕಚೇರಿಯ ಹುದ್ದೆ. ಸಂಖ್ಯಾಶಾಸ್ತ್ರವನ್ನು ಡಿಗ್ರಿಯ ಮೂರೂ ವರ್ಷ, ಅಂದರೆ ಆರೂ ಸೆಮಿಸ್ಟರ್ ಓದಿರಬೇಕು. ಇಲ್ಲಿ ಎನ್‌ಇಪಿ, ಅಂದರೆ ರಾಷ್ಟ್ರೀಯ ಶಿಕ್ಷಣ ನೀತಿಯ ಬ್ಯಾಚಿನವರು ಎಚ್ಚರ ವಹಿಸಬೇಕು. 2021ರಿಂದ 2023ರವರೆಗೆ ಸೇರಿದವರಿಗೆ ಮೊದಲ ಎರಡು ವರ್ಷ ಎರಡು ವಿಷಯ ಇದ್ದವು. ಮೂರನೇ ವರ್ಷ ಒಂದನ್ನು ಮೇಜರ್ ಮಾಡಿಕೊಂಡು ಇನ್ನೊಂದನ್ನು ಮೈನರ್ ಮಾಡಿಕೊಳ್ಳುವ ಅವಕಾಶ ಇತ್ತು. ಗಣಿತ ಮೇಜರ್ ತೆಗೆದುಕೊಂಡವರು 5 ಮತ್ತು 6ನೇ ಸೆಮಿಸ್ಟರ್ ಕಾರ್ಡಿನಲ್ಲಿ ‘ಸ್ಟ್ಯಾಟಿಸ್ಟಿಕ್ಸ್’ ಅನ್ನೋ ಪದ ಇದೆಯಾ ಅಂತ ಹುಡುಕಿ. ಪರೀಕ್ಷೆ ಪಾಸಾಗಿ ದಾಖಲೆ ಪರಿಶೀಲನೆಯಲ್ಲಿ ಇದು ಗೊತ್ತಾದರೆ ಅದರ ನೋವು ಹೇಳತೀರದು. ಆಲೂರಿನ ಒಬ್ಬ ಹುಡುಗನಿಗೆ ಹಾಗೇ ಆಯಿತು. ಅವನು ಫೋನಿನಲ್ಲಿ ಅತ್ತದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಐಎಸ್‌ಎಸ್‌ಗೆ ಡಿಗ್ರಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿ ಇದ್ದಿರಬೇಕು, ಇಲ್ಲವೇ ಅದರಲ್ಲೇ ಎಂ.ಎಸ್ಸಿ. ಆಗಿರಬೇಕು. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವರಿಗೆ ಅದರ ಜೊತೆಗೇ ನಡೆಯುವ ಇಂಡಿಯನ್ ಎಕನಾಮಿಕ್ ಸರ್ವೀಸ್ ಇದೆ. ಹಾಸನದ ಹೇಮಗಂಗೋತ್ರಿ ಕ್ಯಾಂಪಸ್ಸಿನಲ್ಲಿ ಅರ್ಥಶಾಸ್ತ್ರ ಓದುವವರು ಇದನ್ನು ತಿಳಿದಿಟ್ಟುಕೊಳ್ಳಿ.

ರಾಜ್ಯದ ಹುದ್ದೆಗಳಿಗೆ ಯಾವ ವಿಷಯ ಓದಿರಬೇಕು ಅನ್ನೋದನ್ನು ಆಯಾ ಅಧಿಸೂಚನೆಯಲ್ಲೇ ಹುದ್ದೆವಾರು ಬರೆದಿರುತ್ತಾರೆ. ಆ ಒಂದು ಸಾಲನ್ನು ಯೂಟ್ಯೂಬ್ ವಿಡಿಯೊದಲ್ಲಿ ಕೇಳಬೇಡಿ. ಪಿಡಿಎಫ್ ತೆಗೆದು ನೀವೇ ಓದಿ.

ಕೆಲಸ ನಿಜವಾಗಿ ಹೇಗಿರುತ್ತದೆ

ರಾಜ್ಯದ ಕೆಲಸದಿಂದಲೇ ಶುರು ಮಾಡುತ್ತೇನೆ. ನನಗೆ ಹತ್ತಿರದ್ದು, ಮನಸ್ಸಿಗೂ ಹತ್ತಿರದ್ದು.

ಅರ್ಥಶಾಸ್ತ್ರ ಮತ್ತು ಸಾಂಖ್ಯಿಕ ನಿರ್ದೇಶನಾಲಯ ಬೆಂಗಳೂರಿನಲ್ಲಿದೆ. ಪ್ರತಿ ಜಿಲ್ಲೆಯಲ್ಲೂ ಅದರ ಕಚೇರಿ ಇದೆ. ಜನನ ಮರಣ ನೋಂದಣಿಯ ಉಸ್ತುವಾರಿ, ಮಳೆ ಲೆಕ್ಕ, ಬೆಲೆಗಳ ಸಂಗ್ರಹ, ಕೃಷಿ ಗಣತಿ, ಪ್ರತಿ ವರ್ಷ ಬರುವ ‘ಜಿಲ್ಲಾ ಅಂಕಿಅಂಶಗಳ ನೋಟ’ ಎಲ್ಲಾ ಇದರದ್ದೇ. ಆದರೆ ಜನರ ಬದುಕಿಗೆ ನೇರವಾಗಿ ತಾಗುವುದು ಬೆಳೆ ಕಟಾವು ಪ್ರಯೋಗ.

ಅರಸೀಕೆರೆಯ ಒಂದು ರಾಗಿ ಹೊಲ ಅಂದುಕೊಳ್ಳಿ. ಯಾವ ಸರ್ವೆ ನಂಬರ್ ಅನ್ನೋದು ಮೊದಲೇ ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದ ಹಾಗೆ, ತೀರ್ಮಾನ ಆಗಿರುತ್ತದೆ. ಬೆಳೆ ಚೆನ್ನಾಗಿರುವ ಹೊಲವನ್ನು ನಾವು ಆರಿಸುವಂತಿಲ್ಲ, ಒಣಗಿದ್ದನ್ನೂ ಆರಿಸುವಂತಿಲ್ಲ. ಹೊಲದೊಳಗೆ ಯಾವ ಮೂಲೆಯಿಂದ ಎಷ್ಟು ಹೆಜ್ಜೆ ಅನ್ನೋದೂ ಹಾಗೇ. ಅಲ್ಲಿ ಗೂಟ ಹೊಡೆದು, 5 ಮೀಟರಿಗೆ 5 ಮೀಟರ್ ಹಗ್ಗ ಕಟ್ಟಿ, ಅಷ್ಟನ್ನು ಮಾತ್ರ ಕೊಯ್ದು, ಬಡಿದು, ತೂರಿ, ತೂಗುತ್ತೇವೆ. ಫೋಟೊ ಸಮೇತ ಮೊಬೈಲ್ ಆ್ಯಪಿನಲ್ಲಿ ದಾಖಲಾಗುತ್ತದೆ. ಫಸಲ್ ಬಿಮಾ, ಅಂದರೆ ಬೆಳೆ ವಿಮೆಯಲ್ಲಿ ಮುಖ್ಯ ಬೆಳೆಗೆ ಗ್ರಾಮ ಪಂಚಾಯ್ತಿಯೇ ಒಂದು ಘಟಕ. ಒಂದು ಪಂಚಾಯ್ತಿಗೆ ಕನಿಷ್ಠ ನಾಲ್ಕು ಇಂಥ ಪ್ರಯೋಗ. ಆ ನಾಲ್ಕು ತುಂಡು ಜಾಗದ ತೂಕದ ಮೇಲೆ ಇಡೀ ಪಂಚಾಯ್ತಿಯ ಸರಾಸರಿ ಇಳುವರಿ ನಿಲ್ಲುತ್ತದೆ. ಆ ಇಳುವರಿ ನಿಗದಿ ಮಾಡಿದ ಮಟ್ಟಕ್ಕಿಂತ ಕಡಿಮೆ ಬಂದರೆ ವಿಮೆ ಕಟ್ಟಿದ ರೈತರಿಗೆಲ್ಲಾ ಪರಿಹಾರ. ಇಲ್ಲದಿದ್ದರೆ ಇಲ್ಲ.

ನಾನು ಮೊದಲ ಸಲ ಹೋದಾಗ ಹೊಲದ ಅಜ್ಜ ಬದಿಯಲ್ಲಿ ಕೂತು ತಕ್ಕಡಿಯನ್ನೇ ನೋಡುತ್ತಿದ್ದ. ಮಾತಾಡಲಿಲ್ಲ. ಹೊರಡುವಾಗ “ಸರಿಯಾಗಿ ಬರ್ಕೊಂಡ್ಯೇನವ್ವಾ?” ಅಂತ ಒಂದೇ ಮಾತು ಕೇಳಿದ. ಆವತ್ತಿನಿಂದ ನನಗೆ ಸಂಖ್ಯೆ ಅಂದರೆ ಬರೀ ಸಂಖ್ಯೆ ಅಲ್ಲ. ವಿಶ್ಲೇಷಣೆ ಶುರುವಾಗುವುದು ಕಂಪ್ಯೂಟರಿನಲ್ಲಿ ಅಂತ ಅಂದುಕೊಂಡಿದ್ದೆ. ಅದು ಶುರುವಾಗುವುದು ಆ ಹಗ್ಗದ ಹತ್ತಿರ.

ಓಡಾಟ ಜಾಸ್ತಿ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಚನ್ನರಾಯಪಟ್ಟಣ, ಹೊಳೆನರಸೀಪುರದಲ್ಲಿ ರಸ್ತೆ ಪಕ್ಕದ ಗದ್ದೆ ಸಿಗಬಹುದು. ಸಕಲೇಶಪುರ, ಆಲೂರು ಕಡೆ ಕಾಡಾನೆ ಇದೆ ಅಂತ ಊರವರು ತಡೆದು ನಿಲ್ಲಿಸಿದ ದಿನಗಳೂ ಉಂಟು. ಮೂಡಿಗೆರೆ, ಕೊಪ್ಪದ ಮಳೆಯಲ್ಲಿ ಕಾಗದ ಒದ್ದೆಯಾಗದಂತೆ ಕಾಪಾಡುವುದೇ ಒಂದು ಕೆಲಸ. ಆದರೆ ಸಂಜೆಗೆ ಮನೆ ಸೇರಬಹುದು. ಮಾತಾಡುವ ಭಾಷೆ ನಮ್ಮದೇ.

ಜೆಎಸ್‌ಒ ಕೆಲಸವೂ ಹೆಚ್ಚಾಗಿ ಓಡಾಟದ್ದೇ, ಆದರೆ ಬೇರೆ ಥರದ್ದು. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯ ಪರವಾಗಿ ಮನೆ ಮನೆಗೆ, ಕಾರ್ಖಾನೆಗೆ, ಅಂಗಡಿಗೆ ಹೋಗಿ ಮಾಹಿತಿ ತರುವುದು, ಪರಿಶೀಲಿಸುವುದು. ದೇಶದ ನಿರುದ್ಯೋಗದ ಅಂಕಿ ಬರುವ ಪಿಎಲ್‌ಎಫ್‌ಎಸ್ ಸಮೀಕ್ಷೆ ಇವರದ್ದೇ. ಅದು 2017ರಲ್ಲಿ ಶುರುವಾಯಿತು. 2025ರಿಂದ ತಿಂಗಳಿಗೊಮ್ಮೆ ಅಂಕಿ ಕೊಡುತ್ತಿದ್ದಾರೆ. ಹೋದ ಏಳು ದಿನದಲ್ಲಿ ಯಾವತ್ತಾದರೂ ಒಂದು ಗಂಟೆ ಕೆಲಸ ಮಾಡಿದ್ದರೂ ಅವರನ್ನು ಆ ವಾರದ ಲೆಕ್ಕದಲ್ಲಿ ಉದ್ಯೋಗಿ ಅಂತ ಬರೆಯುತ್ತಾರೆ. ತೋಟಕ್ಕೆ ಹೋಗುವ ಹೆಂಗಸಿನ ಹತ್ತಿರ ಕೂತು, “ಮನೆ ಕೆಲಸ ಅಷ್ಟೇ ಮಾಡ್ದೆ” ಅಂದವಳ ಬಾಯಿಂದ ಅವಳು ಎರಡು ದಿನ ಮೆಣಸು ಬಿಡಿಸಿದ್ದನ್ನು ಹೊರತೆಗೆಯಬೇಕು. ಅದಕ್ಕೆ ತಾಳ್ಮೆ ಬೇಕು. ತಾಳ್ಮೆ ಇಲ್ಲದವರು ಬರೆದ ಅಂಕಿ ದೆಹಲಿ ತನಕ ಹಾಗೇ ಹೋಗುತ್ತದೆ.

ಈ ಹುದ್ದೆಗೆ ದೇಶದಲ್ಲಿ ಎಲ್ಲಿಗೆ ಬೇಕಾದರೂ ಪೋಸ್ಟಿಂಗ್ ಆಗಬಹುದು. ಹಾಸನದ ಮನೆ, ವಯಸ್ಸಾದ ಅಪ್ಪ ಅಮ್ಮ, ನೋಡಿಕೊಳ್ಳಬೇಕಾದ ತೋಟ ಇರುವವರು ಇದನ್ನು ಮನೆಯಲ್ಲಿ ಕೂತು ಮಾತಾಡಿ. ಸೆಲೆಕ್ಟ್ ಆದ ಮೇಲೆ ಮಾತಾಡಿದರೆ ಮನಸ್ತಾಪ ಆಗುತ್ತದೆ.

ಐಎಸ್‌ಎಸ್ ಅಧಿಕಾರಿಗಳು ಸಮೀಕ್ಷೆಯನ್ನು ರೂಪಿಸುವವರು. ಯಾವ ಪ್ರಶ್ನೆ, ಎಷ್ಟು ಮನೆ, ಮಾದರಿ ಹೇಗೆ ಅನ್ನೋದು ಅವರ ಕೈಯಲ್ಲಿ. ಬೇರೆ ಬೇರೆ ಮಂತ್ರಾಲಯಗಳಲ್ಲೂ ಕೆಲಸ ಮಾಡುತ್ತಾರೆ. ‘ಅನಲಿಸ್ಟ್’ ಅಂತ ಹುಡುಗರು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಚಿತ್ರಕ್ಕೆ ಹೆಚ್ಚು ಹತ್ತಿರ ಇರುವುದು ಇದೇ.

ಸಂಬಳ, ವಯಸ್ಸು, ಪರೀಕ್ಷೆ

ಏಳನೇ ವೇತನ ಆಯೋಗದ ಪ್ರಕಾರ ಕೇಂದ್ರದಲ್ಲಿ ಜೆಎಸ್‌ಒ ಮೂಲ ವೇತನ 35,400ರಿಂದ ಶುರು. ಐಎಸ್‌ಎಸ್ 56,100. ಅದರ ಮೇಲೆ ಡಿಎ, ಮನೆ ಬಾಡಿಗೆ ಭತ್ಯೆ ಸೇರುತ್ತವೆ. ರಾಜ್ಯದಲ್ಲಿ ಹೊಸ ವೇತನ ಶ್ರೇಣಿ 2024ರ ಆಗಸ್ಟಿನಿಂದ ಕೈಗೆ ಬರುತ್ತಿದೆ. ಬರೀ ಮೂಲ ವೇತನ ನೋಡಬೇಡಿ, ಡಿಎ ಸೇರಿಸಿ ಎರಡನ್ನೂ ಹೋಲಿಸಿ. ಸ್ವಂತ ಮನೆಯಲ್ಲಿದ್ದು, ಮನೆಯ ಅನ್ನ ಉಂಡು ಉಳಿಯುವ ದುಡ್ಡನ್ನೂ ಲೆಕ್ಕ ಹಾಕಿ.

ವಯಸ್ಸಿನಲ್ಲಿ ದೊಡ್ಡ ವ್ಯತ್ಯಾಸ ಇದೆ. ಐಎಸ್‌ಎಸ್‌ಗೆ 21ರಿಂದ 30. ಜೆಎಸ್‌ಒಗೆ 32ರವರೆಗೆ, ಇನ್ವೆಸ್ಟಿಗೇಟರ್‌ಗೆ 30. ಕೇಂದ್ರದಲ್ಲಿ ಒಬಿಸಿಗೆ 3 ವರ್ಷ, ಎಸ್‌ಸಿ, ಎಸ್‌ಟಿಗೆ 5 ವರ್ಷ ಸಡಿಲಿಕೆ. ರಾಜ್ಯದಲ್ಲಿ ಮೂಲ ನಿಯಮವೇ ಸಾಮಾನ್ಯ ವರ್ಗಕ್ಕೆ 35, 2ಎ, 2ಬಿ, 3ಎ, 3ಬಿಗೆ 38, ಎಸ್‌ಸಿ, ಎಸ್‌ಟಿ, ಪ್ರವರ್ಗ 1ಕ್ಕೆ 40. ಅದಕ್ಕೇ 27 ದಾಟಿದವರಿಗೆ ನಾನು ಹೇಳುವುದು: ಮೊದಲು ಮುಚ್ಚುವ ಬಾಗಿಲನ್ನು ಮೊದಲು ತಟ್ಟಿ. ರಾಜ್ಯದ್ದು ಆಮೇಲೂ ತೆರೆದಿರುತ್ತದೆ.

ಸಿಜಿಎಲ್ ಪ್ರತಿ ವರ್ಷ ಬರುತ್ತದೆ. ಎರಡು ಹಂತ. ಮೊದಲ ಹಂತದಲ್ಲಿ ಒಂದು ಗಂಟೆಯಲ್ಲಿ 100 ಪ್ರಶ್ನೆ, 200 ಅಂಕ. ರೀಸನಿಂಗ್, ಸಾಮಾನ್ಯ ಜ್ಞಾನ, ಗಣಿತ, ಇಂಗ್ಲಿಷ್. ಇದು ಮುಂದಿನ ಹಂತಕ್ಕೆ ದಾಟಲು ಅಷ್ಟೇ, ಅಂತಿಮ ಪಟ್ಟಿಗೆ ಈ ಅಂಕ ಸೇರುವುದಿಲ್ಲ. ಎರಡನೇ ಹಂತದಲ್ಲಿ ಎಲ್ಲರಿಗೂ ಒಂದು ಪತ್ರಿಕೆ. ನಮ್ಮ ಹುದ್ದೆಗಳಿಗೆ ಅದರ ಜೊತೆ ಸಂಖ್ಯಾಶಾಸ್ತ್ರದ ಪತ್ರಿಕೆ, 2 ಗಂಟೆ, 200 ಅಂಕ. ಅರ್ಜಿ ತುಂಬುವಾಗಲೇ ಈ ಹುದ್ದೆಗಳನ್ನು ಆರಿಸಿಕೊಂಡಿರಬೇಕು. ಮರೆತರೆ ಆ ವರ್ಷ ಹೋಯಿತು. ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಕಷ್ಟ, ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆದರೂ ಸಂಖ್ಯಾಶಾಸ್ತ್ರದ ಪತ್ರಿಕೆಯಲ್ಲಿ ಭಾಷೆಗಿಂತ ಲೆಕ್ಕ ಜಾಸ್ತಿ. ಸರಾಸರಿ, ಮಧ್ಯಾಂಕ, ಸಂಭವನೀಯತೆ ಇವುಗಳ ಇಂಗ್ಲಿಷ್ ಹೆಸರು ಗೊತ್ತಿದ್ದರೆ ಪ್ರಶ್ನೆ ಅರ್ಥವಾಗುತ್ತದೆ. ಪರೀಕ್ಷೆಗೆ ಮೈಸೂರು, ಮಂಗಳೂರು ಅಥವಾ ಶಿವಮೊಗ್ಗ ಹಾಕಿಕೊಳ್ಳಿ. ಚಿಕ್ಕಮಗಳೂರಿನವರಿಗೆ ಶಿವಮೊಗ್ಗ ಹತ್ತಿರ.

ಐಎಸ್‌ಎಸ್ ಬೇರೆಯೇ ಮಟ್ಟದ್ದು. ಇಂಗ್ಲಿಷ್ ಮತ್ತು ಸಾಮಾನ್ಯ ಜ್ಞಾನಕ್ಕೆ ತಲಾ 100, ಸಂಖ್ಯಾಶಾಸ್ತ್ರದ ನಾಲ್ಕು ಪತ್ರಿಕೆಗೆ ತಲಾ 200, ಸಂದರ್ಶನಕ್ಕೆ 200. ಒಟ್ಟು 1,200. ನಾಲ್ಕರಲ್ಲಿ ಎರಡು ಪತ್ರಿಕೆ ವಿವರವಾಗಿ ಬರೆಯುವಂಥವು. 2025ರಲ್ಲಿ ಇಡೀ ದೇಶಕ್ಕೆ ಕರೆದದ್ದು 35 ಹುದ್ದೆ. ಎಂ.ಎಸ್ಸಿ. ಮಟ್ಟದ ಓದು ಗಟ್ಟಿಯಾಗಿ ಇಲ್ಲದೆ, “ಒಂದು ಕೈ ನೋಡೋಣ” ಅಂತ ಹೋಗುವ ಪರೀಕ್ಷೆ ಇದಲ್ಲ. ಗಟ್ಟಿಯಾಗಿ ಇದ್ದವರು ದಯವಿಟ್ಟು ಬರೆಯಿರಿ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಹುಡುಗ ಹುಡುಗಿಯರು ಇದಕ್ಕೆ ಅರ್ಜಿಯನ್ನೇ ಹಾಕದೆ ಬಿಡುವುದು ನೋಡಿ ನನಗೆ ಬೇಜಾರಾಗುತ್ತದೆ.

ರಾಜ್ಯದ ಪರೀಕ್ಷೆಯ ದೊಡ್ಡ ತೊಂದರೆ ಯಾವಾಗ ಬರುತ್ತದೆ ಅನ್ನೋದು. ಅಧಿಸೂಚನೆ ಬರಲು ವರ್ಷಗಳು ಹಿಡಿಯುತ್ತವೆ. ಬಂದ ಮೇಲೂ ಪರೀಕ್ಷೆ, ಕೀ ಉತ್ತರ, ಆಯ್ಕೆ ಪಟ್ಟಿ ಅಂತ ಮತ್ತೆ ಕಾಯಬೇಕು. ಒಳ್ಳೆಯದು ಏನೆಂದರೆ ಪ್ರಶ್ನೆ ಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಕಡ್ಡಾಯ ಕನ್ನಡ ಪರೀಕ್ಷೆಯಲ್ಲಿ 150ಕ್ಕೆ 50 ತೆಗೆದರೆ ಸಾಕು, ನಮ್ಮವರಿಗೆ ಅದು ಭಾರವಲ್ಲ. ತಪ್ಪು ಉತ್ತರಕ್ಕೆ ಕಾಲು ಭಾಗ ಅಂಕ ಕಳೆಯುತ್ತಾರೆ, ಅದು ನೆನಪಿರಲಿ.

ಅರ್ಜಿ ಶುಲ್ಕ ಸಿಜಿಎಲ್‌ಗೆ 100, ಐಎಸ್‌ಎಸ್‌ಗೆ 200. ಎರಡರಲ್ಲೂ ಹೆಣ್ಣುಮಕ್ಕಳಿಗೆ, ಎಸ್‌ಸಿ, ಎಸ್‌ಟಿಯವರಿಗೆ, ಅಂಗವಿಕಲರಿಗೆ ಇಲ್ಲ.

ಗುತ್ತಿಗೆ ಕೆಲಸದ ಬಗ್ಗೆ

ಚಿಕ್ಕಮ್ಮನ ಮಗಳು ತಂದಿದ್ದು ಇದೇ. ಬೇಡ ಅಂತ ನಾನು ಹೇಳಲಿಲ್ಲ. ಮನೆಗೆ ತಿಂಗಳಿಗೆ ಇಷ್ಟು ದುಡ್ಡು ಬೇಕೇ ಬೇಕು ಅನ್ನುವವರು ಹೋಗಲಿ. ಎಕ್ಸೆಲ್ ಕೈ ಹಿಡಿಯುತ್ತದೆ, ಕಚೇರಿ ಹೇಗೆ ನಡೆಯುತ್ತದೆ ಅಂತ ತಿಳಿಯುತ್ತದೆ. ಆದರೆ “ಇಲ್ಲೇ ಇದ್ದರೆ ಮುಂದೆ ಪರ್ಮನೆಂಟ್ ಮಾಡ್ತಾರೆ” ಅನ್ನೋ ಮಾತು ನಂಬಿ ವರ್ಷಗಳನ್ನು ಕಳೆಯಬೇಡಿ. 2006ರಲ್ಲಿ ಸುಪ್ರೀಂ ಕೋರ್ಟ್ ಉಮಾದೇವಿ ಪ್ರಕರಣದಲ್ಲಿ, ನಿಯಮದ ಪ್ರಕಾರ ನೇಮಕ ಆಗದವರಿಗೆ ಕಾಯಂ ಮಾಡಿ ಅಂತ ಕೇಳುವ ಹಕ್ಕು ಇಲ್ಲ ಎಂದು ಹೇಳಿತು. ಅದು ನಮ್ಮ ಕರ್ನಾಟಕದ್ದೇ ಕೇಸು. ಸೇರುವುದಾದರೆ ಸಂಜೆ ಎರಡು ಗಂಟೆ ಓದಿಗೆ ಉಳಿಯುತ್ತದೆಯಾ ಅಂತ ಮೊದಲ ತಿಂಗಳಲ್ಲೇ ನೋಡಿ. ಉಳಿಯದಿದ್ದರೆ ಆ ಕೆಲಸ ನಿಮ್ಮಿಂದ ಸಂಬಳಕ್ಕಿಂತ ಜಾಸ್ತಿ ಕಿತ್ತುಕೊಳ್ಳುತ್ತಿದೆ.

ಕೆಮಿಸ್ಟ್ರಿ ಓದಿದವರಿಗೆ

‘ಅನಲಿಸ್ಟ್’ ಅನ್ನೋ ಹೆಸರೇ ಇರುವ ಒಂದು ಸರ್ಕಾರಿ ಹುದ್ದೆ ಇದೆ: ಫುಡ್ ಅನಲಿಸ್ಟ್. 2006ರ ಆಹಾರ ಸುರಕ್ಷತಾ ಕಾಯ್ದೆಯಡಿ ಬರುತ್ತದೆ. ಮಾದರಿ ಕೈಗೆ ಬಂದ 14 ದಿನದಲ್ಲಿ ವರದಿ ಕೊಡಬೇಕು. ಕೆಮಿಸ್ಟ್ರಿ, ಬಯೊಕೆಮಿಸ್ಟ್ರಿ, ಮೈಕ್ರೊಬಯಾಲಜಿ ಇಂಥ ವಿಷಯದಲ್ಲಿ ಎಂ.ಎಸ್ಸಿ., ಆಹಾರ ಪರೀಕ್ಷೆಯಲ್ಲಿ 3 ವರ್ಷದ ಅನುಭವ, ಆಮೇಲೆ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಪರೀಕ್ಷೆ ಪಾಸು ಆಗಿರಬೇಕು. ಪಾಸಾದರೆ ಸಿಗುವುದು ಅರ್ಹತೆ, ಹುದ್ದೆ ಅಲ್ಲ. ಹುದ್ದೆಗೆ ಬೇರೆ ಅರ್ಜಿ. ಚಿಕ್ಕಮಗಳೂರಿನವರು ಕಾಫಿ ಬೋರ್ಡಿನ ನೇಮಕಾತಿಯನ್ನೂ ನೋಡುತ್ತಿರಿ. 1925ರಿಂದ ಬಾಳೆಹೊನ್ನೂರಿನಲ್ಲಿರುವ ಕಾಫಿ ಸಂಶೋಧನಾ ಕೇಂದ್ರ ಅದರದ್ದೇ.

ನಾನಾದರೆ ಹೇಗೆ ಆರಿಸುತ್ತೇನೆ

ಮೂರೂ ಪರೀಕ್ಷೆಗೆ ಬೇರೆ ಬೇರೆ ಓದು ಬೇಡ. ಮಾದರಿ ಆಯ್ಕೆ, ಸಂಭವನೀಯತೆ, ಸಹಸಂಬಂಧ, ಸೂಚ್ಯಂಕ, ಕಾಲಶ್ರೇಣಿ ಇವು ಎಲ್ಲ ಕಡೆಯೂ ಬರುತ್ತವೆ. ಇದನ್ನು ಒಂದು ಸಲ ಗಟ್ಟಿ ಮಾಡಿಕೊಂಡರೆ ಸಿಜಿಎಲ್‌ಗೂ ಆಯಿತು, ರಾಜ್ಯದ ವಿಷಯ ಪತ್ರಿಕೆಗೂ ಆಯಿತು. ಸಿಜಿಎಲ್ ಮುಖ್ಯವಾಗಿ ಇಟ್ಟುಕೊಳ್ಳಿ, ಏಕೆಂದರೆ ಅದು ಪ್ರತಿ ವರ್ಷ ಬರುತ್ತದೆ. ರಾಜ್ಯದ್ದು ಬಂದಾಗ ಬಿಡಬೇಡಿ. ಎಂ.ಎಸ್ಸಿ. ಆಗಿದ್ದು, ವಯಸ್ಸು 26ರ ಒಳಗಿದ್ದು, ಮನೆಯವರು ಎರಡು ವರ್ಷ ಕಾಯುತ್ತೇವೆ ಅಂದರೆ ಐಎಸ್‌ಎಸ್‌ಗೇ ಪೂರ್ತಿ ಇಳಿಯಿರಿ.

ಕೋಚಿಂಗ್ ಸೇರುವ ಮುಂಚೆ ಒಂದು ವಿಷಯ ಕೇಳಿ. ನಾನು ಬೆಂಗಳೂರಿನ ಒಂದು ಸೆಂಟರಿಗೆ ಫೀಸು ಕಟ್ಟಿದ್ದೆ. ಅಪ್ಪ ಕೊಬ್ಬರಿ ಮಾರಿದ ದುಡ್ಡು ಅದು. ಸೇರಿದ ಮೇಲೆ ಗೊತ್ತಾಯಿತು, ಸಂಖ್ಯಾಶಾಸ್ತ್ರ ಹೇಳಿಕೊಡುವವರೇ ಅಲ್ಲಿ ಇಲ್ಲ ಅಂತ. ದುಡ್ಡು ವಾಪಸ್ ಕೊಡಲಿಲ್ಲ. ಎಂಟು ತಿಂಗಳು ಹೋಯಿತು. ಸೇರುವ ಮೊದಲು “ಸ್ಟ್ಯಾಟಿಸ್ಟಿಕ್ಸ್ ಕ್ಲಾಸ್ ಯಾರು ತಗೋತಾರೆ, ವಾರಕ್ಕೆ ಎಷ್ಟು?” ಅಂತ ಬಾಯಿಬಿಟ್ಟು ಕೇಳಿ. ಯುಪಿಎಸ್‌ಸಿ ತನ್ನ ವೆಬ್‌ಸೈಟಿನಲ್ಲಿ ಹಳೆಯ ಪ್ರಶ್ನೆ ಪತ್ರಿಕೆ ಉಚಿತವಾಗಿ ಇಟ್ಟಿದೆ. ನನಗೆ ಕೊನೆಗೆ ದಾರಿ ತೋರಿಸಿದ್ದು ಅವು, ಮತ್ತೆ ನನ್ನ ಡಿಗ್ರಿಯ ಮೇಡಂ. ನಿಮ್ಮ ಕಾಲೇಜಿನ ಮೇಷ್ಟ್ರ ಹತ್ತಿರ ಹೋಗಲು ಸಂಕೋಚ ಬೇಡ.

ಅರ್ಜಿಗೆ ಮುಂಚೆ ನಾಡಕಚೇರಿಗೆ

ರಾಜ್ಯದ ಹುದ್ದೆಯಲ್ಲಿ 1ರಿಂದ 10ನೇ ತರಗತಿ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ 25 ಪರ್ಸೆಂಟ್, ಕನ್ನಡ ಮಾಧ್ಯಮಕ್ಕೆ 5 ಪರ್ಸೆಂಟ್ ಇದೆ. ಎರಡಕ್ಕೂ ಪ್ರಮಾಣಪತ್ರ ಬೇಕು. ಅರ್ಜಿಯ ಕೊನೆಯ ದಿನದೊಳಗೆ ಕೈಯಲ್ಲಿರಬೇಕು. ಹೇಮಾವತಿ ಜಲಾಶಯದಲ್ಲಿ ಜಮೀನು ಮುಳುಗಿದ ಮನೆಯವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಇದ್ದಾರೆ ಅಲ್ವಾ? ಯೋಜನೆಯಿಂದ ನಿರಾಶ್ರಿತರಾದ ಕುಟುಂಬಕ್ಕೂ ಮೀಸಲಾತಿ ಇದೆ. ಹಳೇ ಕಾಗದ ಪೆಟ್ಟಿಗೆಯಲ್ಲಿ ಇದೆಯಾ ಅಂತ ಅಜ್ಜನ ಹತ್ತಿರ ಕೇಳಿ.

ಕೇಂದ್ರದ ಲೆಕ್ಕ ಬೇರೆ. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯೇ ಬೇರೆ, ಕೇಂದ್ರದ ಒಬಿಸಿ ಪಟ್ಟಿಯೇ ಬೇರೆ. ಇಲ್ಲಿ 3ಎ, 3ಬಿ ಇರುವ ಎಷ್ಟೋ ಸಮುದಾಯಗಳು ಅಲ್ಲಿ ಇಲ್ಲ. ಇಲ್ಲದಿದ್ದರೆ ಇಡಬ್ಲ್ಯುಎಸ್, ಅಂದರೆ ಆರ್ಥಿಕವಾಗಿ ಹಿಂದುಳಿದವರ ಕೋಟಾ ಸಿಗುತ್ತದೆಯಾ ನೋಡಿ. ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗೆ, ಕೃಷಿ ಜಮೀನು 5 ಎಕರೆಗಿಂತ ಕಡಿಮೆ ಇರಬೇಕು, ಮನೆ, ಸೈಟಿನ ಮಿತಿಯೂ ಇದೆ. ಅದರಲ್ಲಿ ಮೀಸಲಾತಿ ಉಂಟು, ವಯಸ್ಸಿನ ಸಡಿಲಿಕೆ ಇಲ್ಲ. ಪಟ್ಟಿಯಲ್ಲಿ ಇದ್ದವರು ನಾಡಕಚೇರಿಯಲ್ಲಿ ಸುಮ್ನೆ “ಜಾತಿ ಸರ್ಟಿಫಿಕೇಟ್” ಅಂತ ಕೇಳಬೇಡಿ. “ಕೇಂದ್ರ ಸರ್ಕಾರದ ಹುದ್ದೆಗೆ ಒಬಿಸಿ ಸರ್ಟಿಫಿಕೇಟ್” ಅಂತ ಬಿಡಿಸಿ ಹೇಳಿ. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ, ಆಧಾರ್‌ನಲ್ಲಿ ಹೆಸರು ಒಂದೇ ಥರ ಇದೆಯಾ ನೋಡಿಕೊಳ್ಳಿ. ಚಿಕ್ಕಮ್ಮನ ಮಗಳ ಆಧಾರ್‌ನಲ್ಲಿ ಇನಿಷಿಯಲ್ ಬಿಟ್ಟು ಹೋಗಿತ್ತು. ಸೋಮವಾರ ಬೆಳಗ್ಗೆ ಅವಳು ಮೊದಲು ಹೋಗಿದ್ದು ಆಧಾರ್ ಸೆಂಟರಿಗೆ.